ಕಾರವಾರದಲ್ಲಿದ್ದೇವೆ, ದೀಪಾವಳಿಗೆ ಮನೆಯಲ್ಲೇ ಪಟಾಕಿ ಮದ್ದು ಮಾಡಬಹುದೇ?

ಬೇಡ, ಚಿಟಿಕೆಯಷ್ಟೂ ಬೇಡ. ಇಂದು ಸರಿಯಾಗಿ ಉರಿದ ಮಿಶ್ರಣ ನಾಳೆಯೂ ಹಾಗೆಯೇ ಉರಿಯುತ್ತದೆಂಬ ಖಾತ್ರಿಯಿಲ್ಲ. ಪುಡಿಯ ನುಣುಪು, ಶುದ್ಧತೆ, ತೇವ, ತುಂಬಿದ ಬಿಗಿ ಇವುಗಳಲ್ಲಿ ಒಂದು ಬದಲಾದರೂ ಉರಿಯುವ ವೇಗ ಬದಲಾಗುತ್ತದೆ. ಕರಾವಳಿಯ ಗಾಳಿಯಲ್ಲಂತೂ ತೇವವನ್ನು ಹಿಡಿತದಲ್ಲಿಡುವುದೇ ಕಷ್ಟ. ಒದ್ದೆಯಾದರೆ ಅಪಾಯವಿಲ್ಲ ಅಂದುಕೊಳ್ಳಬೇಡಿ: ಅಲ್ಯೂಮಿನಿಯಂ ಪುಡಿ ಮತ್ತು ನೈಟ್ರೇಟ್ (ಉರಿಗೆ ಆಮ್ಲಜನಕ ಒದಗಿಸುವ ಲವಣ) ಇರುವ ಮಿಶ್ರಣ ತೇವ ತಗುಲಿದರೆ ನಿಧಾನವಾಗಿ ತಾನೇ ಬಿಸಿಯೇರಿ, ಗಂಟೆಗಳ ನಂತರ ಹೊತ್ತಿಕೊಳ್ಳಬಹುದು. ಬಚ್ಚಲೊಲೆಯ ಬಳಿ ಒಣಗಿಸಲು ಇಡುವುದು ಇನ್ನೂ ಕೆಟ್ಟದ್ದು.

ಅದೇ ಬಗೆಯ ಇನ್ನೊಂದು ಲವಣವಾದ ಕ್ಲೋರೇಟ್ ಜೊತೆ ಗಂಧಕ ಸೇರಿದರೆ ಬರೀ ತಿಕ್ಕಾಟಕ್ಕೇ ಸಿಡಿಯಬಹುದು. ಆ ಮಿಶ್ರಣ ಭಾರತದಲ್ಲಿ 1992ರಿಂದಲೇ ನಿಷಿದ್ಧ, ಪರವಾನಗಿ ಪಡೆದ ಕಾರ್ಖಾನೆಗೂ. ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧ.

ಈಗಾಗಲೇ ಯಾರಾದರೂ ಮಾಡಿಟ್ಟಿದ್ದರೆ ಕೆರೆಯಬೇಡಿ, ಸಾಗಿಸಬೇಡಿ, ಚರಂಡಿಗೆ ಸುರಿಯಬೇಡಿ. ಎಲ್ಲರೂ ಹೊರಬಂದು 112ಕ್ಕೆ ಕರೆ ಮಾಡಿ. ಅಂಗಡಿಯ ಪಟಾಕಿ ಠುಸ್ ಆದರೂ ಬಗ್ಗಿ ನೋಡಬೇಡಿ, ಮತ್ತೆ ಹಚ್ಚಬೇಡಿ. 20 ನಿಮಿಷ ಬಿಟ್ಟು ದೂರದಿಂದ ಚೆನ್ನಾಗಿ ನೀರು ಸುರಿಯಿರಿ.

ಸುಟ್ಟ ಗಾಯವನ್ನು 20 ನಿಮಿಷ ಹರಿಯುವ ನಲ್ಲಿ ನೀರಿಗೆ ಹಿಡಿಯಿರಿ. ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಕಣ್ಣಿಗೆ ಸಿಡಿದಿದ್ದರೆ ಉಜ್ಜದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.