ಗ್ಯಾರೇಜಿದ್ದ ಜಾಗಕ್ಕೆ ಎರಡಡಿ ಕೆಂಪು ಮಣ್ಣು ಹಾಕಿದರೆ ಸಾಕೇ?

ಪ್ರಶ್ನೆ: ಬೋಳಾರದಲ್ಲಿ ಹೊಳೆಬದಿಯ 14 ಸೆಂಟ್ಸ್ ಜಾಗಕ್ಕೆ ಅಡ್ವಾನ್ಸ್ ಕೊಟ್ಟಿದ್ದೇವೆ, ರಿಜಿಸ್ಟ್ರಿ ಇನ್ನೂ ಆಗಿಲ್ಲ. ಅದು ಮೊದಲು ಹಂಚಿನ ಕಾರ್ಖಾನೆಯ ಅಂಗಳ, ಆಮೇಲೆ ಸುಮಾರು ವರ್ಷ ಲಾರಿ ಗ್ಯಾರೇಜು. ಜಾಗದವರ ಒಪ್ಪಿಗೆ ಪಡೆದು ಗುಂಡಿ ತೋಡಿಸಿದಾಗ ಒಂದೂವರೆ ಅಡಿ ಕೆಳಗೆ ಕಪ್ಪು ಮಣ್ಣು, ಡೀಸೆಲ್ ವಾಸನೆ, ತುಂಬಾ ಹಂಚಿನ ಚೂರು. ಬಾವಿ ನೀರಿನ ಮೇಲೆ ಬಣ್ಣಬಣ್ಣದ ಪೊರೆಯೂ ಇದೆ. ಮೇಲಿನ ಮಣ್ಣು ಎತ್ತಿ ಎರಡಡಿ ಕೆಂಪು ಮಣ್ಣು ಹಾಕಿದರೆ ಆಯ್ತು ಎನ್ನುತ್ತಾರೆ ಮೇಸ್ತ್ರಿ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಹಂಚಿನ ಚೂರಿನ ಚಿಂತೆ ಬಿಡಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚು ಮಾಡಲು ಶುರು ಮಾಡಿದ ಮೇಲೆ ನೇತ್ರಾವತಿ ಬದಿಯ ಮಣ್ಣಿನಲ್ಲಿ ಚೂರು ಸಿಗದಿದ್ದರೇ ಆಶ್ಚರ್ಯ. ಅದು ಸುಟ್ಟ ಆವೆಮಣ್ಣು, ಅದರಿಂದ ಬಾವಿಗೆ ಕೇಡಿಲ್ಲ. ಕೇಡು ಇರುವುದು ಗ್ಯಾರೇಜಿನವರು ಚೆಲ್ಲಿದ ಎಣ್ಣೆಯಲ್ಲಿ.

ಬಾವಿಯ ಪೊರೆಯನ್ನು ನೀವೇ ಪರೀಕ್ಷಿಸಬಹುದು. ಒಂದು ಕೊಡ ನೀರು ಸೇದಿ ಅಲುಗಾಡದಂತೆ ಇಡಿ, ಪೊರೆಯನ್ನು ಕಡ್ಡಿಯಿಂದ ಮುಟ್ಟಿ. ತುಂಡುತುಂಡಾಗಿ ಒಡೆದು ತುಂಡುಗಳು ಹಾಗೇ ದೂರ ದೂರ ನಿಂತರೆ ಅದು ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾದ್ದು; ನಮ್ಮ ಕೆಂಪುಕಲ್ಲಿನ ನೆಲದಲ್ಲಿ ಅದು ಮಾಮೂಲಿ. ಕಡ್ಡಿ ಹೋದ ದಾರಿ ಮತ್ತೆ ಕೂಡಿಕೊಂಡು ಸುರುಳಿ ಸುತ್ತಿದರೆ ಅದು ಎಣ್ಣೆ. ಇದು ಅಂದಾಜಿಗೆ ಮಾತ್ರ, ಲ್ಯಾಬಿನ ವರದಿಗೆ ಬದಲಲ್ಲ.

ಇನ್ನು ಮೇಸ್ತ್ರಿಯ ಉಪಾಯ. ಅದರಿಂದ ವಾಸನೆ ಅಡಗೀತು, ಅಷ್ಟೇ. ಹೊಳೆಬದಿಯಲ್ಲಿ ಆಟಿಯ (ಜುಲೈ–ಆಗಸ್ಟ್‌ನ ತುಳು ತಿಂಗಳು) ಹೊತ್ತಿಗೆ ನೆಲದಡಿಯ ನೀರು ಅಂಗಳದ ಹತ್ತಿರ ಬಂದಿರುತ್ತದೆ. ಡೀಸೆಲ್ ನೀರಿಗಿಂತ ಹಗುರ. ನೀರು ಏರಿದಾಗ ಅದೂ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಹೋಗಿ ಬರುವ ದಾರಿಯ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ನಿಮ್ಮ ಹೊಸ ಕೆಂಪು ಮಣ್ಣನ್ನೂ ಬಿಡುವುದಿಲ್ಲ. ಅಷ್ಟಕ್ಕೂ ಎತ್ತಿದ ಮಣ್ಣು ಟಿಪ್ಪರಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಾ? ಯಾರದ್ದೋ ಗದ್ದೆ ತುಂಬಿಸಲು ಹೋದರೆ ಮುಂದೆ ಅಲ್ಲಿನ ಬಾವಿಯವರು ಹೀಗೇ ಪತ್ರ ಬರೆಯಬೇಕಾದೀತು. ಅಪಾಯಕಾರಿ ತ್ಯಾಜ್ಯ ಎಂದಾದರೆ ಅದು ಹೋಗಬೇಕಾದದ್ದು ಬೆಂಗಳೂರು ಸಮೀಪದ ದಾಬಸ್‌ಪೇಟೆಯ ವಿಲೇವಾರಿ ಘಟಕದಂಥ ಜಾಗಕ್ಕೆ. ಘಾಟಿ ಹತ್ತಿಸುವ ಬಾಡಿಗೆ ನೆನೆಸಿಕೊಂಡರೆ ಎಷ್ಟು ಮಣ್ಣು ಎತ್ತಬೇಕು ಎಂದು ಮೊದಲೇ ತಿಳಿದುಕೊಳ್ಳುವುದೇ ಲಾಭ.

ಹಾಗಾಗಿ ಮೊದಲು ಮಾದರಿ. ಜಾಗದ ನಡುವಿನಿಂದ ಒಂದು ಹಿಡಿ ಮಣ್ಣು ಕಳಿಸಿದರೆ ಪ್ರಯೋಜನವಿಲ್ಲ. ಲಾರಿಯಡಿಗೆ ಇಳಿಯುವ ಗುಂಡಿ ಎಲ್ಲಿತ್ತು, ವೇಸ್ಟ್ ಆಯಿಲಿನ ಡ್ರಮ್ಮು ಎಲ್ಲಿಡುತ್ತಿದ್ದರು, ಬ್ಯಾಟರಿ ಯಾವ ಮೂಲೆಯಲ್ಲಿ ಬಿಚ್ಚುತ್ತಿದ್ದರು ಎಂಬುದನ್ನು ಅಲ್ಲಿ ಕೆಲಸ ಮಾಡಿದವರನ್ನೇ ಹುಡುಕಿ ಕೇಳಿ. ಯಾವ ಕಾಗದಪತ್ರಕ್ಕಿಂತಲೂ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲೆಲ್ಲ ಮೇಲ್ಮಣ್ಣು, ಕಪ್ಪು ಪದರ, ಅದರ ಕೆಳಗಿನ ಮಣ್ಣು ಬೇರೆ ಬೇರೆಯಾಗಿ ತೆಗೆಸಬೇಕು. ಎಣ್ಣೆಯ ಪರೀಕ್ಷೆಗೆ ಗಾಜಿನ ಬಾಟಲಿಯೇ ಆಗಬೇಕು, ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಬಾವಿ ನೀರನ್ನು ಮಳೆಗೆ ಮೊದಲು ಒಮ್ಮೆ, ಮಳೆ ಜೋರಾದ ಮೇಲೆ ಒಮ್ಮೆ ಪರೀಕ್ಷಿಸಿ. ಹಳೇ ಬ್ಯಾಟರಿಯಿಂದ ಸೀಸ ಸೇರಿರಬಹುದು, ಅದರ ಪರೀಕ್ಷೆಯನ್ನೂ ಕೇಳಲು ಮರೆಯಬೇಡಿ: ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚಿರಬಾರದು. ಕುದಿಸಿದರೂ ಬ್ಲೀಚಿಂಗ್ ಪೌಡರ್ ಹಾಕಿದರೂ ಸೀಸ ಹೋಗುವುದಿಲ್ಲ.

ಬರೇ ಡೀಸೆಲ್, ಆಯಿಲ್ ಎಂದಾದರೆ ಅರ್ಧ ಗೆದ್ದಂತೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇವೆ; ಗಾಳಿ, ಹದವಾದ ತೇವ, ಸ್ವಲ್ಪ ಸಾರಜನಕ, ರಂಜಕ ಸಿಕ್ಕರೆ ಸಾಕು. ಕಪ್ಪು ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ರಾಶಿ ಹಾಕಿ, ಗೊಬ್ಬರ ಬೆರೆಸಿ, ಆಗಾಗ ಮಗುಚುತ್ತಾ ತಿಂಗಳುಗಟ್ಟಲೆ ಬಿಡುತ್ತಾರೆ. ಟೆರಿ ಸಂಸ್ಥೆಯ ಆಯಿಲ್‌ಜಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವೂ ಇದೇ ಕೆಲಸದ್ದು. ನಮ್ಮೂರಿನ ಮಳೆಗೆ ರಾಶಿಯ ಮೇಲೆ ಶೀಟು ಕಡ್ಡಾಯ, ಇಲ್ಲವಾದರೆ ಎಲ್ಲ ತೊಳೆದು ಹೊಳೆಗೆ. ಸೀಸವನ್ನು ಮಾತ್ರ ಯಾವ ಜೀವಿಯೂ ತಿಂದು ಮುಗಿಸುವುದಿಲ್ಲ. ಅಷ್ಟು ಮಣ್ಣನ್ನು ಎತ್ತಬೇಕು, ಇಲ್ಲವೇ ತಜ್ಞರ ಮೂಲಕ ಅಲ್ಲೇ ಕದಲದಂತೆ ಕಟ್ಟಿಹಾಕಬೇಕು.

ಖರ್ಚು ಯಾರದ್ದು? ಕಲುಷಿತ ಜಾಗಗಳಿಗೆಂದೇ ಕೇಂದ್ರ 2025ರಲ್ಲಿ ನಿಯಮ ತಂದಿದೆ, ಹಾಳು ಮಾಡಿದವರೇ ಕೊಡಬೇಕು ಎಂಬುದು ಅದರ ತಿರುಳು. ಆದರೆ ಮುಚ್ಚಿಹೋದ ಗ್ಯಾರೇಜಿನವರನ್ನು ಹುಡುಕಿ ವಸೂಲಿ ಮಾಡುವಷ್ಟರಲ್ಲಿ ನಿಮ್ಮ ಮನೆ ಒಕ್ಕಲು ಯಾವ ಕಾಲಕ್ಕೋ! ಬೈಕಂಪಾಡಿಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕಿಂತ ಮುಖ್ಯವಾಗಿ, ರಿಜಿಸ್ಟ್ರಿ ಆಗದಿರುವುದೇ ನಿಮ್ಮ ಬಲ. ವರದಿ ಬಂದ ಮೇಲೆಯೇ ಕ್ರಯ, ಶುದ್ಧ ಮಾಡುವ ಖರ್ಚು ಕಳೆದೇ ಬೆಲೆ ಎಂದು ವಕೀಲರಿಂದ ಕರಾರಿನಲ್ಲಿ ಬರೆಸಿ. ಜಾಗದವರು ಒಪ್ಪದಿದ್ದರೆ ಅಡ್ವಾನ್ಸ್ ವಾಪಸು ಕೇಳಿ ಎಂದೇ ನಾನು ಹೇಳುವುದು.

ಅಲ್ಲಿಯವರೆಗೆ ಆ ಬಾವಿಗೆ ಪಂಪು ಇಡಬೇಡಿ. ಜೋರಾಗಿ ಎಳೆದರೆ ಗ್ಯಾರೇಜಿನ ಕಡೆಯ ಕೊಳೆಯೂ ಬಾವಿಯ ಕಡೆಗೆ ಬರುತ್ತದೆ.