ಹುಬ್ಬಳ್ಳಿಯ ಹಳೆಯ ಪೇಟೆಯ ಅಂಗಡಿಗಳು ಮುಂದೆ ಕಿರಿದಾಗಿ, ಹಿಂದಕ್ಕೆ ಅಷ್ಟು ಉದ್ದವಾಗಿ ಏಕಿವೆ?

ರಸ್ತೆಗೆ ತೆರೆದ ಜಾಗ ದುಬಾರಿ. ಜೊತೆಗೆ, ಮಾಳಿಗೆ ಹೊರುವ ಮರದ ಉದ್ದಕ್ಕೊಂದು ಮಿತಿಯಿದೆ. ಅದಕ್ಕೇ.

ದುರ್ಗದಬೈಲು, ಜವಳಿ ಸಾಲದಂಥ ಪೇಟೆಗಳಲ್ಲಿ ಗಿರಾಕಿಯ ಕಣ್ಣಿಗೆ ಬೀಳುವುದು ಅಂಗಡಿಯ ಮುಖ ಮಾತ್ರ. ವರ್ತಕನಿಗೆ ರಸ್ತೆಬದಿಯ ಒಂದು ತುಂಡು ಸಾಕಿತ್ತು. ದಾಸ್ತಾನು, ಅಡುಗೆಮನೆ, ಸಂಸಾರ ಎಲ್ಲವೂ ಹಿಂದಕ್ಕೋ ಅಟ್ಟಕ್ಕೋ ಸರಿದವು. ಅಣ್ಣತಮ್ಮಂದಿರು ಪಾಲಾದರೂ ಗೋಡೆ ಏಳುತ್ತಿದ್ದುದು ರಸ್ತೆಯಿಂದ ಹಿತ್ತಲಿನವರೆಗೆ ಉದ್ದಕ್ಕೇ. ಇಬ್ಬರಿಗೂ ರಸ್ತೆ ಬೇಕಲ್ಲ!

ಆದರೆ ನಿಜವಾದ ಗುಟ್ಟು ತಲೆಯ ಮೇಲಿದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಗೆ ಎರಡು ಪಕ್ಕದ ಗೋಡೆಗಳ ಮೇಲೆ ಅಡ್ಡಲಾಗಿ ಜಂತಿಗಳನ್ನಿಟ್ಟು, ಹಲಗೆ ಹಾಸಿ, ಮೇಲೆ ದಪ್ಪನಾಗಿ ಮಣ್ಣು ಬಡಿಯುತ್ತಿದ್ದರು. ಆ ಭಾರಕ್ಕೆ ಉದ್ದನೆಯ ಜಂತಿ ಬಾಗುತ್ತದೆ. ಅಗಲ ಬೇಕೆಂದರೆ ನಡುವೆ ಕಂಬ ನಿಲ್ಲಿಸಬೇಕು, ವ್ಯಾಪಾರಕ್ಕೆ ಅಡ್ಡಿ. ಹಿಂದಕ್ಕೆ ಬೆಳೆಸಲು ಮಾತ್ರ ಜಂತಿಯ ಪಕ್ಕದಲ್ಲಿ ಇನ್ನೊಂದು ಜಂತಿ ಇಟ್ಟರಾಯಿತು. ಪಕ್ಕದ ಗೋಡೆ ನೆರೆಯವನದೂ ಆದ್ದರಿಂದ ಅಲ್ಲಿ ಕಿಟಕಿಗೆ ಎಡೆಯಿಲ್ಲ. ಬೆಳಕು ಬರುವುದು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ. ಮಧ್ಯಾಹ್ನ ಗಾದಿಯ ಮೇಲೆ ಅಂಗೈಯಗಲದ ಬಿಸಿಲು ಬಿದ್ದಿರುತ್ತದೆ.

ಕಬ್ಬಿಣದ ತೊಲೆ, ಆಮೇಲೆ ಕಾಂಕ್ರೀಟ್ ಬಂದು ಈ ಮಿತಿ ಮುರಿಯಿತು. ನಿವೇಶನದ ಗೆರೆ ಮಾತ್ರ ಅಲುಗಲಿಲ್ಲ. ಗಾಜಿನ ಮುಖದ ಹೊಸ ಕಟ್ಟಡವೂ ಹಳೆಯ ಜಂತಿಯ ಅಳತೆಯಲ್ಲೇ ನಿಂತಿರುತ್ತದೆ.

ಹಳೆಯದನ್ನು ನೋಡಬೇಕೆಂದರೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ. ಅಲ್ಲೊಂದು ಇಲ್ಲೊಂದು ಉಳಿದಿರುವ ಹಲಗೆ ಬಾಗಿಲಿನ ಒಂದೊಂದು ಹಲಗೆಗೂ ಅಂಕಿ ಬರೆದಿರುತ್ತಾರೆ. ಕ್ರಮ ತಪ್ಪಿದರೆ ಕೊನೆಯ ಹಲಗೆ ಕೂರುವುದಿಲ್ಲ.