ಶ್ರೀಮಂತ ದೇಶದಲ್ಲೂ ಬಾಣಂತಿಯರು ಸಾಯುವುದೇಕೆ?

ಬಡ ದೇಶಗಳಲ್ಲಿ ಹೆರಿಗೆ ಸಾವು ಹೆಚ್ಚಿರುವುದು ಅರ್ಥವಾಗುತ್ತೆ, ಆದರೆ ಅಷ್ಟು ದುಡ್ಡಿರುವ ಅಮೆರಿಕದಲ್ಲೂ ಬಾಣಂತಿಯರು ಸಾಯುವುದು ಯಾಕೆ, ಎರಡೂ ಕಡೆ ಕಾರಣ ಒಂದೇನಾ ಅಂತ ಕೇಳಿದ್ದೀರಿ.

ಒಂದೇ ಅಲ್ಲ. ನಾನು ಕಲ್ಯಾಣ ಕರ್ನಾಟಕದ ತಾಲ್ಲೂಕು ಆಸ್ಪತ್ರೆಯೊಂದರ ಲೇಬರ್ ವಾರ್ಡ್‌ನಲ್ಲಿ ಕೆಲಸ ಮಾಡಿದವಳು. ಬಡತನದ ಕಡೆಯದು ಕಣ್ಣಾರೆ ಕಂಡದ್ದು, ಅದನ್ನೇ ಮೊದಲು ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಬಸುರಿ-ಬಾಣಂತಿಯರು ತೀರಿಕೊಂಡರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಾವು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ. ನೈಜೀರಿಯಾ ಒಂದರಲ್ಲೇ ಕಾಲು ಭಾಗಕ್ಕಿಂತ ಜಾಸ್ತಿ. ಕೊಲ್ಲುವುದು ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ನಂಜು, ಕದ್ದುಮುಚ್ಚಿ ಮಾಡಿಸಿಕೊಂಡ ಗರ್ಭಪಾತ. ಮದ್ದಿಲ್ಲದ ಕಾಯಿಲೆಗಳೇನಲ್ಲ. ಫಿಟ್ಸ್‌ಗೆ ಮ್ಯಾಗ್ನೀಷಿಯಂ ಸಲ್ಫೇಟ್ ಇದೆ, ರಕ್ತ ನಿಲ್ಲಿಸಲು ಆಕ್ಸಿಟೋಸಿನ್ ಇದೆ, ಎರಡೂ ಅಗ್ಗ. ಆದರೆ ಆಕ್ಸಿಟೋಸಿನ್‌ಗೆ ಫ್ರಿಜ್ ಬೇಕು, ಫ್ರಿಜ್‌ಗೆ ಕರೆಂಟ್ ಬೇಕು!

ಮಗು ಹುಟ್ಟಿ ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಮುದುಡಿ ಗಟ್ಟಿಯಾಗಬೇಕು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ ಸಿಕ್ಕಿತೋ, ಎದೆ ಝಲ್ಲೆನ್ನುತ್ತೆ. ಶೀಟಿನ ಮೇಲೆ, ಬಟ್ಟೆಯೊಳಗೆ ಇಳಿದ ರಕ್ತ ಎಷ್ಟು ಅಂತ ಕಣ್ಣಂದಾಜಿನಲ್ಲಿ ಹೇಳಿದರೆ ಬಹುತೇಕ ಕಡಿಮೆಯೇ ಹೇಳುತ್ತೇವೆ. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಮಸಾಜ್, ಇಂಜೆಕ್ಷನ್, ಡ್ರಿಪ್ ಎಲ್ಲ ಒಟ್ಟಿಗೆ ಶುರು ಮಾಡುವ ಪದ್ಧತಿಯನ್ನು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ಇಳಿದವು ಅಂತ 2023ರಲ್ಲಿ ವರದಿಯಾಯಿತು. ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೇ ನೋಡಿ.

ಇನ್ನು ರಕ್ತಹೀನತೆ. ಎಚ್‌ಬಿ, ಅಂದರೆ ರಕ್ತದಲ್ಲಿನ ಹಿಮೋಗ್ಲೋಬಿನ್, 12 ಇರುವವಳು ಒಂದು ಲೀಟರ್ ರಕ್ತ ಹೋದರೂ ತಡೆದುಕೊಂಡಾಳು. 6 ಇರುವವಳು ಅದರರ್ಧಕ್ಕೇ ಕುಸಿಯಬಹುದು. ಅವಳು ಆಸ್ಪತ್ರೆಗೆ ಬರಬೇಕಾದರೆ ಅತ್ತೆ-ಗಂಡ ಹೂಂ ಅನ್ನಬೇಕು, ಗಾಡಿ ಸಿಗಬೇಕು, ನಾವು ರೆಫರ್ ಮಾಡಿದರೆ ಜಿಲ್ಲಾಸ್ಪತ್ರೆಯಲ್ಲಿ ಅವಳ ಗುಂಪಿನ ರಕ್ತ ಇರಬೇಕು.

ಹಾಗಂತ ದೇಶ ಶ್ರೀಮಂತವಾಗುವವರೆಗೆ ಕಾಯಬೇಕಿಲ್ಲ. ಕರ್ನಾಟಕದಲ್ಲಿ 2004-06ರಲ್ಲಿ ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018-20ರ ಹೊತ್ತಿಗೆ ಅದು 69. ಆಶಾ ಕಾರ್ಯಕರ್ತೆಯರು, 108, ತಾಯಿ ಕಾರ್ಡ್, ಆಸ್ಪತ್ರೆಯಲ್ಲೇ ಹೆರಿಗೆ, ಇವೆಲ್ಲದರ ಪಾಲೂ ಇದೆ. ಅದೇ 2018-20ರಲ್ಲಿ ಕೇರಳದ್ದು 19, ಅಸ್ಸಾಮಿನದು 195. ಆದರೆ ಆಸ್ಪತ್ರೆಗೆ ತಲುಪಿದರೆ ಗೆದ್ದ ಹಾಗಲ್ಲ: 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲುಸಾಲಾಗಿ ತೀರಿಕೊಂಡಾಗ ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣದ ಡ್ರಿಪ್ ಮೇಲೆ.

ಈಗ ಅಮೆರಿಕ. 2023ರಲ್ಲಿ ಅಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವಿನ ದರ 18.6, ಅಂದರೆ ಹೆಚ್ಚುಕಡಿಮೆ ಕೇರಳದಷ್ಟೇ. ಬಿಳಿಯರಲ್ಲಿ 14.5, ಕಪ್ಪು ಮಹಿಳೆಯರಲ್ಲಿ 50.3. ಕೊಲ್ಲುವುದು ಹೃದ್ರೋಗ, ಶ್ವಾಸಕೋಶಕ್ಕೆ ಹೋಗುವ ರಕ್ತದ ಹೆಪ್ಪು, ಸೋಂಕು. ಹೆರಿಗೆಯಾಗಿ ವರ್ಷದೊಳಗಿನ ಸಾವುಗಳನ್ನೂ ಸೇರಿಸಿದರೆ ಆತ್ಮಹತ್ಯೆ ಮತ್ತು ಡ್ರಗ್ಸ್ ಮೇಲಕ್ಕೆ ಬರುತ್ತವೆ. ಬೊಜ್ಜು, ತಡವಾದ ವಯಸ್ಸಿನ ಬಸುರು ಕಾರಣ ಅನ್ನುತ್ತಾರೆ, ಸ್ವಲ್ಪ ಹೌದು. ಆದರೆ ಕಪ್ಪು-ಬಿಳಿ ಅಂತರಕ್ಕೆ ಅದಷ್ಟೇ ಸಾಲದು. ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್‌ಗೆ 2017ರಲ್ಲಿ ಸಿಸೇರಿಯನ್ ಮರುದಿನ ಉಸಿರು ಕಟ್ಟಿತು. ಹಿಂದೆಯೂ ಹೆಪ್ಪುಗಟ್ಟಿದ್ದರಿಂದ ತನಗೇನಾಗಿದೆ ಅಂತ ಆಕೆಗೆ ಗೊತ್ತಿತ್ತು. ಸಿಟಿ ಸ್ಕ್ಯಾನ್ ಮಾಡಿ ಅಂದರೆ, ನೋವಿನ ಮಾತ್ರೆಯ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಅಂತ ನರ್ಸ್ ಅಂದುಕೊಂಡರಂತೆ. ಹಟ ಹಿಡಿದು ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದವು. ಅಷ್ಟು ಹೆಸರು, ದುಡ್ಡು ಇರುವವರ ಮಾತೇ ನಡೆಯದಿದ್ದರೆ ಉಳಿದವರದ್ದು?

ಜೊತೆಗೆ, ಬಡವರ ಸರ್ಕಾರಿ ವಿಮೆ ಅನೇಕರಿಗೆ ಹೆರಿಗೆಯಾದ 60 ದಿನಕ್ಕೇ ಮುಗಿದುಹೋಗುತ್ತಿತ್ತು. 2022ರಿಂದ ಒಂದೊಂದೇ ರಾಜ್ಯ ಅದನ್ನು ವರ್ಷಕ್ಕೆ ವಿಸ್ತರಿಸುತ್ತಾ ಬಂದಿವೆ. ಬಾಣಂತಿಯ ತಪಾಸಣೆಯಂತೂ ಎಷ್ಟೋ ಜನರಿಗೆ ಆರು ವಾರದ ನಂತರ ಒಮ್ಮೆ, ಅಷ್ಟೇ.

ಮಗಳ ಬಾಣಂತನಕ್ಕೆ ಅಂತ ನಿಮ್ಮ ಮನೆಯವರು ಯಾರಾದರೂ ಅಮೆರಿಕಕ್ಕೆ ಹೊರಟಿದ್ದರೆ ಇಷ್ಟು ಹೇಳಿ ಕಳಿಸಿ: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲು ಊದುವುದು, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಆ ಆರು ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ಹೆರಿಗೆ ಆಗಿ ಎಷ್ಟು ದಿನ ಆಯಿತು ಅನ್ನುವುದನ್ನು ಬಾಗಿಲಲ್ಲೇ ಹೇಳಬೇಕು.